ಜುಂಜಣ್ಣ ಬಿಟ್ಟ ಗೋಲು

ಹೊಳಲ್ಕೆರೆ
೧೮-೩-೧೯೭೫, ಮಂಗಳವಾರ

ಪ್ರೀತಿಯ ಗೆಳೆಯ ಈರಬಸಪ್ಪನಿಗೆ,

ತಿಪ್ಪೇರುದ್ರಪ್ಪನ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ಹೊಸದುರ್ಗದಲ್ಲಿ ನೀನು, ತಂಗಿ ಬರಗೇರಮ್ಮ, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಮೂರು ವಾರದ ಮೇಲಾಯಿತು. ಉತ್ತರವಿಲ್ಲವೆಂದು ಬೈದುಕೊಂಡಿರುತ್ತೀಯ. ಶಾಲೆಯಲ್ಲಿ ಪರೀಕ್ಷೆಯ ಗಡಿಬಿಡಿ, ನಿನ್ನ ಅತ್ತಿಗೆ ಮರುಳಸಿದ್ದಮ್ಮನ ಮಂಡಿನೋವು ಎಂದೆಲ್ಲ ಹೇಳಬಹುದು, ಆದರೆ ಅವೆಲ್ಲ ನೆಪ. ಬರೆಯಲು ಕೂರುತ್ತಿದ್ದೆ, ಎದ್ದು ಹೋಗುತ್ತಿದ್ದೆ. ತಪ್ಪು ತಿಳಿಯಬೇಡ.

ನಿನ್ನ ಮಗಳಿಗೆ ಗಂಡುಮಗುವಾದದ್ದು ಕೇಳಿ ಮನೆಯಲ್ಲಿ ಎಲ್ಲರಿಗೂ ಸಂತೋಷವಾಯಿತು. ಮರುಳಸಿದ್ದಮ್ಮ ಆಗಲೇ ಒಂದು ಕುಲಾವಿ ಹೊಲಿದಿದ್ದಾಳೆ. ಮಗುವಿನ ತಲೆ ಎಷ್ಟು ದೊಡ್ಡದೆಂದು ನನ್ನನ್ನು ಕೇಳುತ್ತಾಳೆ. ನಾನೇನು ಹೇಳಲಿ? ಅಜ್ಜನ ತಲೆಯ ಹಾಗಿದ್ದರೆ ಬಟ್ಟೆ ಸಾಲುವುದಿಲ್ಲ ಎಂದೆ.

ನಿನ್ನ ಕಾಗದದ ಕೊನೆಯ ಸಾಲು ಮನಸ್ಸಿನಲ್ಲೇ ಕೂತಿದೆ. 'ಜುಂಜಣ್ಣ ಸತ್ತ ಸುದ್ದಿ ಕೇಳಿ ಬೇಸರವಾಯಿತು. ಆದರೆ ಮ್ಯಾಚು ಮಾರಿಕೊಂಡವನ ನೆನಪಿನ ಸಭೆಗೆ ನನ್ನನ್ನು ಕರೆಯಬೇಡ' ಎಂದು ಬರೆದಿದ್ದೆ. ಅಂದು ನಮ್ಮ ಕೋಟೆ ಫುಟ್‌ಬಾಲ್ ಕ್ಲಬ್ಬಿಗೆ ನೀನು ಕ್ಯಾಪ್ಟನ್, ಅವನು ಗೋಲ್‌ಕೀಪರ್. ೧೯೫೯ರ ಆ ದಾವಣಗೆರೆಯ ಫೈನಲ್ ನಿನ್ನನ್ನು ಸುಟ್ಟಷ್ಟು ಬೇರೆ ಯಾರನ್ನೂ ಸುಟ್ಟಿರಲಾರದು. ಹದಿನಾರು ವರ್ಷದ ಸಿಟ್ಟು ಒಂದು ಸಾವಿನಿಂದ ಆರುವುದಿಲ್ಲ, ಬಲ್ಲೆ. ಆದರೂ ಆ ಸಭೆಯಲ್ಲಿ ನಡೆದದ್ದನ್ನು ನೀನು ತಿಳಿಯಲೇಬೇಕು. ಅದಕ್ಕೇ ಈ ಕಾಗದ.

ಒಂಬತ್ತನೇ ತಾರೀಖು ಭಾನುವಾರ ಬೆಳಿಗ್ಗೆ ದುರ್ಗದಲ್ಲಿ ನಾವು ಆಡುತ್ತಿದ್ದ ಮೈದಾನದಲ್ಲೇ ಸಭೆ ಇತ್ತು. ಈಗ ಕ್ಲಬ್ಬಿನ ಕಾರ್ಯದರ್ಶಿಯಾಗಿರುವ ಮುರುಗಪ್ಪ ಶಾಮಿಯಾನ ಹಾಕಿಸಿದ್ದ. ಐವತ್ತು ಜನ ಬಂದರೆ ಹೆಚ್ಚು ಎಂದುಕೊಂಡಿದ್ದೆವು. ಬಂದವರು ಮುನ್ನೂರು. ಜೋಗಿಮಟ್ಟಿ ಗುಡ್ಡದ ಕಡೆಯಿಂದ ಗಾಳಿ ಬೀಸಿ ಶಾಮಿಯಾನ ಪಟಪಟ ಹೊಡೆದುಕೊಳ್ಳುತ್ತಿತ್ತು. ಗೋಲ್‌ಪೋಸ್ಟಿನ ಹಿಂದೆ ಕೂರುತ್ತಿದ್ದ ಹಳಬರು ಕುರ್ಚಿಗಳನ್ನು ಬಿಟ್ಟು ಹೋಗಿ ಅದೇ ಪೋಸ್ಟಿನ ಹಿಂದೆಯೇ ನೆಲದ ಮೇಲೆ ಕೂತರು. ಮುರುಗಪ್ಪ ಎಷ್ಟು ಕರೆದರೂ ಏಳಲಿಲ್ಲ. ಕಡೆಗೆ ಮೈಕನ್ನೇ ಅಲ್ಲಿಗೆ ಒಯ್ದರು.

ಮೊದಲು ಮಾತಾಡಿದವನು ಚಹಾದಂಗಡಿಯ ಪಾಲಣ್ಣ. ಜುಂಜಣ್ಣ ನಮ್ಮ ಕಣ್ಣಿಗೆ ಬಿದ್ದ ದಿನವನ್ನು ಅವನು ಹೇಳಿದ. 'ಹರಿಯಬ್ಬೆಯಿಂದ ಕಂಬಳಿ ಮಾರಾಕೆ ಬಂದಿದ್ದ ಕಣ್ರಪ್ಪ. ಹೆಗಲ ಮೇಲೆ ಆರು ಕಂಬಳಿ. ಈ ತಿಪ್ಪೇರುದ್ರಪ್ಪ ಒದ್ದ ಚೆಂಡು ಗೋಲು ದಾಟಿ ನನ್ನ ಅಂಗಡಿ ಕಡೆ ಬಂತು. ಲೋಟ ಎಲ್ಲ ಹೋದ್ವು ಅಂದ್ಕಂಡೆ. ಆತ ಕಂಬಳಿ ಕೆಳಗೆ ಇಡಲಿಲ್ಲ, ಒಂದೇ ಕೈಯಾಗೆ ಹಿಡ್ಕಂಡ. ಹಿಡ್ಕಂಡು, ಇದು ಯಾರ್ದು ಅಂತ ಕೇಳ್ದ!' ಎಲ್ಲರೂ ನಕ್ಕರು. ಅಂದು ನೀನೇ ಓಡಿಹೋಗಿ ಅವನ ಕೈಹಿಡಿದು ಎಳೆದು ತಂದದ್ದನ್ನೂ ಪಾಲಣ್ಣ ಮರೆಯದೆ ಹೇಳಿದ.

ಆಮೇಲೆ ಮಾತು ನಿಲ್ಲಲಿಲ್ಲ. ಕಡಲೆಕಾಯಿ ಮಾರುತ್ತಿದ್ದ ಮುದ್ದಕ್ಕ ನಿನಗೆ ನೆನಪಿರಬೇಕು. ಈಗ ಕೋಲೂರಿಕೊಂಡು ನಡೆಯುತ್ತಾಳೆ. ಆಟ ನಡೆಯುವಾಗಲೇ ಗೋಲಿನ ಹಿಂದಿನಿಂದ ಅವಳು ಅವನೊಡನೆ ಹರಟುತ್ತಿದ್ದಳಲ್ಲ, 'ಏನಪ್ಪ ಜುಂಜಣ್ಣ, ಮಳೆ ಬಂತಾ ನಿಮ್ಮ ಕಡೆ?' ಎಂದು. 'ತಿರುಗಿ ನೋಡ್ತಿರ್ಲಿಲ್ಲ, ಆದ್ರೆ ಉತ್ತರ ಮಾತ್ರ ಕೊಡೋನು' ಎಂದಳು. ಪೆನಾಲ್ಟಿ ಒದೆಯಲು ಎದುರಾಳಿ ಓಡಿಬರುವಾಗ ಇವನು ಕುರಿ ಕರೆಯುವ ಹಾಗೆ 'ಹ್ರೂ, ಹ್ರೂ' ಎಂದು ದನಿ ಮಾಡುತ್ತಿದ್ದದ್ದು, ಭದ್ರಾವತಿಯಲ್ಲಿ ಅದಕ್ಕೆ ರೆಫರಿ ತಕರಾರು ತೆಗೆದದ್ದು, 'ಸ್ವಾಮಿ, ಬಾಯಿ ಕಟ್ಟಿಹಾಕೋ ಕಾನೂನು ಐತಾ?' ಎಂದು ನೀನು ಜಗಳಕ್ಕೆ ನಿಂತದ್ದು, ಎಲ್ಲ ಬಂತು. ಅವನು ಎಂದೂ ಬೂಟು ಹಾಕಲಿಲ್ಲ. ಮಡಿಸಿದ ಕಂಬಳಿ ಗೋಲಿನ ಒಳಗೆ ಒಂದು ಮೂಲೆಯಲ್ಲಿರುತ್ತಿತ್ತು. ಅದಕ್ಕೆ ಚೆಂಡು ತಾಗಿದ್ದನ್ನು ವರ್ಷಕ್ಕೆ ಎರಡು ಸಲ ನೋಡಿದರೆ ಹೆಚ್ಚು ಎಂದು ಯಾರೋ ಅಂದರು.

ಜೆರ್ಸಿ ಹೊಲಿಯುತ್ತಿದ್ದ ದರ್ಜಿ ದಾಸಣ್ಣ ಎದ್ದಾಗ ಗೋಲು ಬಿಟ್ಟ ಮಾತು ಬಂತು. 'ಎಲ್ರಿಗಿಂತ ಅವನ ತೋಳಿಗೆ ನಾಲ್ಕು ಬೆರಳು ಜಾಸ್ತಿ ಬಟ್ಟೆ ಬೇಕಿತ್ತು' ಎಂದು ಶುರುಮಾಡಿದ. ಆಮೇಲೆ, 'ಅಂಥಾ ತೋಳು ಅವತ್ತು ಯಾಕೆ ಏಳಲಿಲ್ಲ? ಇದೊಂದು ನನ್ನ ಎದೇಲಿ ಹಂಗೇ ಐತೆ' ಎಂದ.

ಎಲ್ಲರ ಕಣ್ಣಿಗೂ ಆ ಗೋಲು ಕಟ್ಟಿದ ಹಾಗಿತ್ತು. ಆಟ ಮುಗಿಯಲು ಆರು ನಿಮಿಷ. ಎರಡೂ ಕಡೆ ಗೋಲಿಲ್ಲ. ಎದುರಾಳಿ ಶಿವಮೊಗ್ಗದವರ ಹುಡುಗ ನಮ್ಮ ಎಡಗಡೆಯಿಂದ ಬಂದು ಮೆಲ್ಲಗೆ ಒದ್ದ ಚೆಂಡು ನೆಲದ ಮೇಲೆ ಉರುಳಿಕೊಂಡು ಪೋಸ್ಟಿನ ಪಕ್ಕದಲ್ಲಿ ಒಳಗೆ ಹೋಯಿತು. ಜುಂಜಣ್ಣ ಬಲಗಡೆ ಮುಖ ಮಾಡಿ ನಿಂತೇ ಇದ್ದ. ಕೈ ಎತ್ತಲಿಲ್ಲ, ಕಾಲು ಕದಲಿಸಲಿಲ್ಲ. ಮಾರಿಕೊಂಡ ಎಂದು ಜನ ಕೂಗಿದರು.

ಮುಂದಿನ ಸಾಲಿನಲ್ಲಿ ಜುಂಜಣ್ಣನ ಹೆಂಡತಿ ಕಾಟಮ್ಮ ಕೂತಿದ್ದಳು. ಅವಳನ್ನು ಹರಿಯಬ್ಬೆಯಿಂದ ಮುರುಗಪ್ಪನೇ ಕರೆತಂದಿದ್ದ. ಮದುವೆಯಾದದ್ದು ಅವನು ಆಟ ಬಿಟ್ಟ ಎರಡು ವರ್ಷಕ್ಕೆ, ಆದ್ದರಿಂದ ನಾವ್ಯಾರೂ ಅವಳನ್ನು ನೋಡಿರಲಿಲ್ಲ. ಅಷ್ಟು ಹೊತ್ತೂ ಸೆರಗು ಹೊದ್ದು ನೆಲ ನೋಡುತ್ತಿದ್ದವಳು ತಲೆ ಎತ್ತಿ ಕೇಳಿದಳು, 'ಯಾವ ಆಟ ಅಣ್ಣ? ದಾವಣಗೆರೇದಾ?'

'ಹೌದಮ್ಮ' ಎಂದ ದಾಸಣ್ಣ.

'ಅವತ್ತು ಅವ್ರಿಗೆ ಎಡಗಡೆ ಕಾಣ್ತಿರ್ಲಿಲ್ವಲ್ಲ. ನಿಮಗೆ ಗೊತ್ತಿರ್ಲಿಲ್ವಾ?'

ಈರಬಸಪ್ಪ, ಆ ಮಾತು ಬಿದ್ದಾಗ ಅಲ್ಲಿದ್ದವರ ಮುಖಗಳನ್ನು ಹೇಗೆ ಬರೆಯಲಿ? ಅವಳು ಸಣ್ಣ ದನಿಯಲ್ಲಿ, ಎಲ್ಲರಿಗೂ ಗೊತ್ತಿದ್ದ ಸಂಗತಿಯೇನೋ ಎಂಬ ಹಾಗೆ ಹೇಳಿದಳು. 'ಟಗರು ಹಾಯ್ತಂತೆ. ಎಡಗಣ್ಣು ಹೋಯ್ತು. ಕಡೇ ಆಟ ಒಂದೇ ಕಣ್ಣಾಗೆ ಆಡಿದೆ ಕಣೇ ಅಂತಿದ್ರು. ಬಾಲಾಟ ಯಾಕೆ ಬಿಟ್ರಿ ಅಂದ್ರೆ, ಕುರಿ ನೋಡೋರಿಲ್ಲ ಅಂದುಬಿಡೋರು. ಅದೇ ಕಣ್ಣೇ ಅವ್ರನ್ನ ತಿಂತು ಅಣ್ಣ.'

ಅವನು ಸತ್ತದ್ದು ಲಾರಿಗೆ ಸಿಕ್ಕಿ ಎಂದು ನಿನಗೆ ತಿಳಿದಿದೆ. ಹೇಗೆಂದು ಅವಳು ಹೇಳಿದಳು. ಹಿರಿಯೂರಿನ ಹೆದ್ದಾರಿಯಲ್ಲಿ ಮಧ್ಯಾಹ್ನ ಕುರಿ ದಾಟಿಸುತ್ತಿದ್ದ. ಕುರಿಗಳೆಲ್ಲ ಆಚೆ ಸೇರಿದ್ದವು. ಅವನೂ ನಡುರಸ್ತೆ ದಾಟಿದ್ದ. ಎಡಗಡೆಯಿಂದ ಲಾರಿ ಬಂತು. ಗಾಳಿ ಆಚೆಗೆ ಬೀಸುತ್ತಿದ್ದುದರಿಂದ ಸದ್ದೂ ಕೇಳಿಸಲಿಲ್ಲ. ಆಚೆ ಬದಿಯಿಂದ ಅವಳೇ ಕೂಗಿದಳಂತೆ. ಅವನು ಅವಳ ಕಡೆ ನೋಡಿದನೇ ಹೊರತು ಎಡಕ್ಕೆ ತಿರುಗಲಿಲ್ಲ.

ದಾಸಣ್ಣ ಮೈಕು ಬಿಟ್ಟು ಬಂದು ಅವಳ ಮುಂದೆ ಮಣ್ಣಿನಲ್ಲಿ ಕೂತುಬಿಟ್ಟ. 'ಅವತ್ತು ಅವನ ಮೇಲೆ ಚಪ್ಪಲಿ ಎಸೆದೋನು ನಾನಮ್ಮ. ಬೆನ್ನಿಗೆ ಬಿತ್ತು. ಅವನು ತಿರುಗಿ ನೋಡ್ದ' ಎಂದು ಅರವತ್ತು ದಾಟಿದ ಮನುಷ್ಯ ಮಗುವಿನ ಹಾಗೆ ಅತ್ತ. ಅವಳು, 'ಏಳಣ್ಣ, ಏಳು. ಅವ್ರು ಯಾರ ಮೇಲೂ ದೂರು ಹೇಳಿಲ್ಲ' ಎಂದು ಅವನ ರಟ್ಟೆ ಹಿಡಿದು ಎಬ್ಬಿಸಿದಳು. ಮುದ್ದಕ್ಕ ಅವಳನ್ನು ತಬ್ಬಿಕೊಂಡಳು. ಗೋಲಿನ ಹಿಂದೆ ಕೂತವರಲ್ಲಿ ಅಳದವರಿರಲಿಲ್ಲ. ಒಂದು ಕಣ್ಣಿನಲ್ಲಿ ಎಂಬತ್ನಾಲ್ಕು ನಿಮಿಷ ಗೋಲು ಕಾದನಲ್ಲ ಎಂದು ಪಾಲಣ್ಣ ಹೇಳುತ್ತಲೇ ಇದ್ದ.

ನನ್ನನ್ನೂ ಮೈಕಿನ ಮುಂದೆ ನಿಲ್ಲಿಸಿದರು. ಅವನ ಜೊತೆ ಆಡಿದವರಲ್ಲಿ ಅಂದು ಬಂದವನು ನಾನೊಬ್ಬನೇ. ಅವನ ಕೈಗಳ ಬಗ್ಗೆ ನಾಲ್ಕು ಮಾತಾಡಿ ಕೂತೆ. ಸಂಜೆ ರೈಲಿನಲ್ಲಿ ಬರುವಾಗ ನನ್ನ ಸ್ಟೇಷನ್ ಬಂದದ್ದೇ ತಿಳಿಯಲಿಲ್ಲ. ರಾಮಗಿರಿಗೆ ಹೋಗಿ ಇಳಿದು, ಬೇರೆ ಗಾಡಿಗೆ ಕಾದು ಹಿಂದಿರುಗಿದೆ.

ಇದನ್ನೆಲ್ಲ ಬರೆದದ್ದು ನಿನ್ನನ್ನು ನೋಯಿಸಲೆಂದಲ್ಲ. ಅಂದು ಫೈನಲ್ ಮುಗಿದ ಮೇಲೆ ಡೇರೆಯೊಳಗೆ ನೀನು ಅವನ ಕೊರಳಪಟ್ಟಿ ಹಿಡಿದು, 'ಎಷ್ಟಕ್ಕೆ ಮಾರ್ಕಂಡೆಯಲೇ?' ಎಂದು ಕೇಳಿದೆ. ಅವನು ಮಾತಾಡದೆ ಜೆರ್ಸಿ ಬಿಚ್ಚಿಟ್ಟು ಹೊರಟುಹೋದ. ಉತ್ತರ ಕೊಡದವನನ್ನು ಕ್ಯಾಪ್ಟನ್ ಆದವನು ಏನೆಂದು ತಿಳಿಯಬೇಕು? ನಿನಗೆ ಗೊತ್ತಿರಲಿಲ್ಲ. ಇದನ್ನು ಮನಸ್ಸಿಗೆ ಹಚ್ಚಿಕೊಂಡು ಊಟ ನಿದ್ದೆ ಬಿಡಬೇಡ. ನಿನಗೆ ರಕ್ತದೊತ್ತಡ ಬೇರೆ ಇದೆ. ಬರಗೇರಮ್ಮನಿಗೆ ಹೇಳು, ಉಪ್ಪು ಕಡಿಮೆ ಹಾಕಲಿ.

ಮೊಮ್ಮಗ ನೂರು ವರ್ಷ ಬಾಳಲಿ. ಬಾಣಂತಿ ಬೇಗ ಚೇತರಿಸಿಕೊಳ್ಳಲಿ. ಮಕ್ಕಳಿಗೆಲ್ಲ ನಮ್ಮಿಬ್ಬರ ಆಶೀರ್ವಾದ ತಿಳಿಸು.

ನಿನ್ನ,
ತಿಪ್ಪೇರುದ್ರಪ್ಪ

ತಾ.ಕ.: ಕಾಗದವನ್ನು ಲಕೋಟೆಗೆ ಹಾಕಿ ಅಂಟಿಸಿದ್ದೆ. ಹರಿದು ಮತ್ತೆ ತೆಗೆದೆ.

ಟಗರು ಹಾಯಲಿಲ್ಲ, ಈರಬಸಪ್ಪ. ಅವನ ಕಣ್ಣಿಗೆ ಬಿದ್ದದ್ದು ನನ್ನ ಬೂಟುಗಾಲು. ಫೈನಲ್‌ಗೆ ಇಪ್ಪತ್ತು ದಿನ ಮುಂಚೆ ಒಂದು ಬೆಳಿಗ್ಗೆ ನಾವಿಬ್ಬರೇ ಅಭ್ಯಾಸಕ್ಕೆ ಬಂದಿದ್ದೆವು. ಅವನು ಚೆಂಡಿನ ಮೇಲೆ ಬಿದ್ದು ಅಪ್ಪಿಕೊಂಡಿದ್ದ. ನಾನು ನಿಲ್ಲಬಹುದಿತ್ತು. ಹಿಂದಿನ ದಿನ ನಿಮ್ಮೆಲ್ಲರ ಎದುರು ನನ್ನ ಹತ್ತೂ ಒದೆತ ಹಿಡಿದು ನಕ್ಕಿದ್ದ. ಆ ಸಿಟ್ಟು ಕಾಲಿನಲ್ಲಿತ್ತು. ಒದ್ದೆ. ಮುಖ ಮುಚ್ಚಿಕೊಂಡು ಮಣ್ಣಿನಲ್ಲಿ ಕೂತವನು ಮೊದಲು ಆಡಿದ ಮಾತು, 'ಯಾರಿಗೂ ಹೇಳಬ್ಯಾಡಣ್ಣ, ನಿನ್ನ ಬೈತಾರೆ, ನನ್ನ ಆಟದಿಂದ ತೆಗೀತಾರೆ' ಎಂದು. ಬಾವು ಇಳಿಯಿತು, ನೋಟ ಬರಲಿಲ್ಲ. ಫೈನಲ್‌ ದಿನ ಮೈದಾನಕ್ಕೆ ಇಳಿಯುವಾಗ, 'ಎಡಗಡೆ ನೀನು ನೋಡ್ಕಳಣ್ಣ, ಬಲಗಡೆ ಒಂದು ನೊಣಾನೂ ಬಿಡಲ್ಲ' ಎಂದ. ಎಂಬತ್ತು ನಿಮಿಷ ನೋಡಿಕೊಂಡೆ. ಆಮೇಲೆ ಗೆಲ್ಲಿಸುವ ಗೋಲು ನಾನೇ ಹೊಡೆಯಬೇಕೆಂಬ ಆಸೆ ಹುಟ್ಟಿ ಮುಂದಕ್ಕೆ ಹೋದೆ. ಆ ಶಿವಮೊಗ್ಗದ ಹುಡುಗ ಬಂದದ್ದು ನಾನು ಬಿಟ್ಟುಹೋದ ಜಾಗದಿಂದ.

ಡೇರೆಯಲ್ಲಿ ನೀನು ಅವನನ್ನು ಕೇಳಿದಾಗ ಅವನು ಒಮ್ಮೆ ನನ್ನ ಕಡೆ ನೋಡಿದ. ನಾನು ಬೂಟಿನ ಲೇಸು ಬಿಚ್ಚುತ್ತಿದ್ದೆ. ಬಿಚ್ಚಿಯಾಗಿತ್ತು. ಮತ್ತೆ ಕಟ್ಟಿ, ಮತ್ತೆ ಬಿಚ್ಚಿದೆ. ಹದಿನಾರು ವರ್ಷ ನೀನು ಅವನನ್ನು ಬೈದಾಗಲೆಲ್ಲ ಎದುರಿಗೆ ಕೂತು ಕೇಳಿದ್ದೇನೆ.

ಬರುವ ಭಾನುವಾರ ಹರಿಯಬ್ಬೆಗೆ ಹೋಗುತ್ತೇನೆ. ಕಾಟಮ್ಮನಿಗೆ ಹೇಳಿ, ಅಲ್ಲಿಂದ ದುರ್ಗಕ್ಕೆ ಬಂದು ದಾಸಣ್ಣ, ಪಾಲಣ್ಣ ಎಲ್ಲರಿಗೂ ಹೇಳುತ್ತೇನೆ. ನೀನು ಬರುವುದಾದರೆ ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಒಂಬತ್ತರವರೆಗೆ ಇರುತ್ತೇನೆ. ಇನ್ನು ನನ್ನ ಮುಖ ನೋಡುವುದು ಬೇಡ ಅನ್ನಿಸಿದರೆ ಅದೂ ನ್ಯಾಯವೇ.

ಅಂದು ಸಭೆ ಮುಗಿದ ಮೇಲೆ ಕಾಟಮ್ಮ ನನ್ನ ಹತ್ತಿರ ಬಂದಳು. 'ಆಟದಾಗೆ ನನ್ನ ಎಡಗಡೆ ಒಬ್ಬ ಅಣ್ಣ ನಿಂತಿರ್ತಿದ್ದ, ಅವನಿದ್ರೆ ನಂಗೆ ಭಯಾನೇ ಇರ್ಲಿಲ್ಲ ಅಂತ ನಮ್ಮೋರು ಹೇಳ್ತಿದ್ರು. ಅದು ನೀವೇನಾ?' ಎಂದು ಕೇಳಿದಳು.

ಹೌದಮ್ಮ, ನಾನೇ ಎಂದೆ.