ಬ್ಲೌಸ್ ಹೊಲಿದವರು

16 ಫೆಬ್ರವರಿ 2025, ಭಾನುವಾರ

ಸಂಜೆ ಊರುಗೋಲು ವಾಪಸ್ ಕೊಡುವಾಗ ಅವ್ವ ನನ್ನ ಮುಖ ನೋಡಲಿಲ್ಲ.

ಹರಿಹರದವರು ತಂಗಿ ಕೀರ್ತನಾಳನ್ನು ನೋಡಲು ಬರುತ್ತಾರೆಂದು ಅಪ್ಪ ನನ್ನ ಮೂರು ಗಾಲಿ ಸ್ಕೂಟರನ್ನು ಹಿಂದಿನ ಬೀದಿಯಲ್ಲಿ ನಿಲ್ಲಿಸಿ ಬಂದ. "ನಿನ್ನ ಕಾಲು ಕಂಡ್ರೆ ರಕ್ತದಾಗೇ ಐತೆ ಅಂತಾರವ್ವ, ಒಂದು ತಾಸು ಸುಮ್ನೆ ಕುಂದ್ರು" ಎಂದು ಅವ್ವ ನನ್ನನ್ನು ಒಳಕೋಣೆಯಲ್ಲಿ ಕೂರಿಸಿದಳು. ಪೋಲಿಯೋ ರಕ್ತದಲ್ಲಿ ಬರುವುದಲ್ಲ ಎಂದು ಇನ್ನೆಷ್ಟು ಸಲ ಹೇಳಲಿ? ಸದ್ದು ಕೇಳೀತೆಂದು ಊರುಗೋಲನ್ನೂ ಒಯ್ದಳು. ಒಂದು ತಾಸು ಹೋಗಿ ಮೂರಾಯಿತು. ಬಚ್ಚಲಿಗೆ ಹೋಗಬೇಕಿತ್ತು. ಹಲ್ಲು ಕಚ್ಚಿ ಕೂತೆ.

ಬಾಗಿಲಾಚೆ ಹುಡುಗನ ತಾಯಿ ಕೇಳಿದರು: "ಬ್ಲೌಸ್ ಭಾಳ ಚಂದ ಕುಂತೈತೆ. ಯಾರು ಹೊಲ್ದಿದ್ದವ್ವಾ?"

ಹೊಲಿದವಳು ನಾನು. ಕೀರ್ತನಾ ಹೇಳಿಯೇ ಹೇಳುತ್ತಾಳೆಂದು ಕಿವಿಗೊಟ್ಟೆ.

"ಪಿ.ಜೆ. ಬಡಾವಣೆಯಾಗೆ ಒಬ್ರು ಟೈಲರ್ ಅದಾರ್ರಿ" ಎಂದಳು.

"ಹಂಗಾರೆ ಮದುವಿ ಬ್ಲೌಸೂ ಅವ್ರ ಕೈಲೇ ಹೊಲಿಸ್ರಿ."

ಸಂಬಂಧ ಕುದುರಿತು. ಎಲ್ಲರಿಗೂ ಖುಷಿ. ನನಗೂ ಆಗಬೇಕಿತ್ತು.

ಅವರು ಹೋದ ಮೇಲೆ ಕೀರ್ತನಾ ಬಾಗಿಲಲ್ಲೇ ನಿಂತು, "ಅಕ್ಕಾ, ಹೊಲಿತೀಯಲ್ಲ?" ಎಂದಳು. ಹ್ಞೂಂ ಅಂದೆ. ಅವಳ ಅಳತೆ ನನಗೆ ಬಾಯಿಪಾಠ. ಮದುವೆಯ ದಿನ ನನ್ನನ್ನು ಯಾವ ಕೋಣೆಯಲ್ಲಿ ಕೂರಿಸುತ್ತೀರಿ ಎಂದು ಮಾತ್ರ ಕೇಳಲಾಗಲಿಲ್ಲ.