ನೀರು ಬಿಡದೆ ಹೋದ ಪೆಟ್ಟಿಗೆ

ಸಾಗರ
ಮಂಗಳವಾರ, ೧೯-೪-೧೯೮೮

ಅವ್ವನಿಗೆ ಮಗಳು ಶರಾವತಿಯ ನಮಸ್ಕಾರ.

ಕ್ಷೇಮ ಸಮಾಚಾರ ಕೇಳಲು ಬರೆಯುತ್ತಿಲ್ಲ. ಭಾನುವಾರವಷ್ಟೇ ತೀರ್ಥಹಳ್ಳಿಗೆ ಬಂದು ನಿನ್ನೆದುರು ಕೂತು ಉಂಡು ಹೋದವಳು ನಾನು. ಅವತ್ತು ಬಾಯಿಗೆ ಬಾರದ ಮಾತು ಎರಡು ದಿನದಿಂದ ಎದೆಯಲ್ಲಿ ಕುದಿಯುತ್ತಿದೆ. ಈಗ ಹೇಳಿಬಿಡುತ್ತೇನೆ. ನೀನು ನೀರು ಹಾಕುವ ಕೆಲಸಕ್ಕೆ ಹೋಗುವ ಮುಕುಂದಯ್ಯನವರ ಸಸಿತೋಟದಲ್ಲಿ ನನ್ನ ಪೆಟ್ಟಿಗೆಯ ಕಡ್ಡಿಗಳ ಬುಡಕ್ಕೆ ಉಪ್ಪುನೀರು ಸುರಿದವಳು ನೀನು.

ಆ ಪೆಟ್ಟಿಗೆ ಹೇಗೆ ಆಯಿತು ಎಂದು ನೀನು ಒಂದು ದಿನವೂ ಕೇಳಲಿಲ್ಲ. ಈಗಾದರೂ ಕೇಳು. ಇಲ್ಲಿ ಗಣೇಶಮೂರ್ತಿಯವರ ರೇಡಿಯೋ ರಿಪೇರಿ ಅಂಗಡಿಯಲ್ಲಿ ನನಗಿರುವುದು ಹಿಂಬದಿಯ ಒಂದು ಮೇಜು. ಮೈಕ್ರೋಕಂಟ್ರೋಲರ್ ಎಂಬ ಆ ನಲವತ್ತು ಕಾಲಿನ ಕರಿ ಚಿಪ್ಪನ್ನು ಅವರು ಬೆಂಗಳೂರಿನಿಂದ ತರಿಸಿಕೊಟ್ಟರು. ಅದು ಮಾಡಬೇಕಾದ ಒಂದೊಂದು ಕೆಲಸವನ್ನೂ ಅಂಕಿಗಳಲ್ಲಿ ನೋಟ್‌ಬುಕ್ಕಿಗೆ ಬರೆದು, ನಾನು ಓದಿದ ಪಾಲಿಟೆಕ್ನಿಕ್ಕಿಗೆ ಬಸ್ಸು ಹತ್ತಿ, ಅಲ್ಲಿಯ ಯಂತ್ರದಲ್ಲಿ ಚಿಪ್ಪಿನೊಳಗೆ ತುಂಬಿಸಿ ತರಬೇಕು. ಒಂದು ಅಂಕಿ ತಪ್ಪಿದರೆ ಎಲ್ಲ ಅಳಿಸಿ ಮತ್ತೆ ಮೊದಲಿಂದ. ಹೀಗೆ ಏಳು ಸಲ ಹೋಗಿ ಬಂದೆ. ಏಳನೇ ಸಲ, ತೇವ ಅಳೆಯುವ ಕಡ್ಡಿಗಳನ್ನು ಚುಚ್ಚಿಟ್ಟಿದ್ದ ಮೇಜಿನ ಮೇಲಿನ ಕುಂಡದ ಮಣ್ಣು ಒಣಗಿದ್ದೇ ತಡ, ಪಂಪು ತಾನಾಗಿ ಶುರುವಾಯಿತು. ನಾನು ಒಬ್ಬಳೇ ನಿಂತು ಅತ್ತೆ.

ಪರೀಕ್ಷೆಗೆಂದು ಮುಕುಂದಯ್ಯನವರು ಅಪ್ಪೆಮಿಡಿ ಮಾವಿನ ಕಸಿಗಿಡಗಳ ನಾಲ್ಕು ಸಾಲು ಬಿಟ್ಟುಕೊಟ್ಟರು. ಹತ್ತು ದಿನ ಆ ಸಾಲಿಗೆ ಯಾರೂ ಕೊಡದಲ್ಲಿ ನೀರು ಹಾಕಬಾರದು, ಪೆಟ್ಟಿಗೆ ಮುಟ್ಟಬಾರದು ಎಂದು ಪಂಪು ನೋಡಿಕೊಳ್ಳುವ ಶೇಷಪ್ಪನಿಗೆ ಹೇಳಿ ನಾನು ಸಾಗರಕ್ಕೆ ಬಂದೆ, ಮುಕುಂದಯ್ಯನವರು ಮದುವೆಗೆಂದು ಹೊಸನಗರದ ಕಡೆ ಹೋದರು. ಭಾನುವಾರ ಬಂದು ನೋಡಿದರೆ ನಾಲ್ಕು ಸಾಲೂ ಸುಟ್ಟ ಹಾಗೆ ನಿಂತಿತ್ತು. ಪೆಟ್ಟಿಗೆ ಬಿಚ್ಚಿ ನೋಡಿದೆ, ಒಂದು ತಂತಿಯೂ ಕೆಟ್ಟಿರಲಿಲ್ಲ. ಆಮೇಲೆ ಕಡ್ಡಿ ನೆಟ್ಟಿದ್ದ ಗಿಡದ ಬುಡದಲ್ಲಿ ಬೆಳ್ಳಗೆ ಏನೋ ಕಂಡಿತು. ಬೆರಳಿಗೆ ಹಚ್ಚಿ ನಾಲಿಗೆಗಿಟ್ಟೆ.

ಉಪ್ಪುನೀರಿನಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ, ಆಗ ಪೆಟ್ಟಿಗೆಗೆ ನೆಲ ಒದ್ದೆಯಿದೆ ಎಂದೇ ಅನಿಸುತ್ತದೆ ಎಂದು ನಾನು ಹೇಳಿದ್ದು ಈ ಲೋಕದಲ್ಲಿ ಒಬ್ಬರಿಗೆ ಮಾತ್ರ. ನಿನಗೆ. ಅದೂ ಒಂದು ಸಲ ಸುರಿದರೆ ಸಾಲದು, ಒಣಗಿದರೆ ಕೆಲಸ ಕೆಡುತ್ತದೆ. ಅಂದರೆ ನೀನು ದಿನಾ ಸುರಿದಿದ್ದೀಯ. ದಿನಾ ಕೊಡ ಹಿಡಿದು ಆ ಸಾಲಿನ ಪಕ್ಕದಲ್ಲೇ ಹೋಗುತ್ತ, ಎಲೆ ಮುದುಡುವುದನ್ನು ನೋಡುತ್ತ. ಒಂದು ಸಸಿ ಬಾಡಿದರೆ ಊಟ ಬಿಡುತ್ತಿದ್ದವಳು ನೀನೇನಾ?

ನಾನು ಕೇಳಿದಾಗ ನೀನು ಅನ್ನ ಬಡಿಸುತ್ತಲೇ, "ನಿನ್ ಪೆಟ್ಗೆ ವಿಚಾರ ನಂಗೆಂತ ಗೊತ್ತು? ಉಣ್ಣು ಸುಮ್ನೆ" ಅಂದೆ. ನಾನು ಉಂಡೆ. ಅದಕ್ಕೆ ನನ್ನ ಮೇಲೂ ನನಗೆ ಸಿಟ್ಟಿದೆ.

ಗಿಡ ಹೋದರೆ ಇನ್ನೊಂದು ವರ್ಷಕ್ಕೆ ಕಸಿ ಕಟ್ಟಬಹುದು. ಶೇಷಪ್ಪನನ್ನು ಏನು ಮಾಡುತ್ತೀ? "ಸ್ವಿಚ್ ಆರಿಸಿ ಎಲ್ಲೋ ಬಿದ್ಕಂಡಿದ್ದ" ಎಂದು ಮದುವೆಯಿಂದ ಮರಳಿದ ಮುಕುಂದಯ್ಯನವರು ಅದೇ ಭಾನುವಾರ ಎಲ್ಲರೆದುರು ಅವನನ್ನು ಬೈದು ಕೆಲಸದಿಂದ ತೆಗೆದರು. ಅವನು ನನ್ನ ಕಡೆ ತಿರುಗಿ, "ಮುಟ್ಬೇಡ ಅಂದಿದ್ರಿ, ಮುಟ್ಲಿಲ್ಲ ಕಣಮ್ಮ" ಅಂದ. ಅಷ್ಟೇ. ಹನ್ನೊಂದು ವರ್ಷ ನಿನ್ನ ಜೊತೆ ಅದೇ ತೋಟದಲ್ಲಿ ದುಡಿದವನು ಟವೆಲ್ಲು ಹೆಗಲಿಗೆ ಹಾಕಿಕೊಂಡು ಗೇಟು ದಾಟುವಾಗ, ನೀನು ಬಾವಿಕಟ್ಟೆಯ ಹತ್ತಿರ ನಿಂತು ನೋಡುತ್ತಿದ್ದೆ.

ಶುಕ್ರವಾರದೊಳಗೆ ಮುಕುಂದಯ್ಯನವರ ಹತ್ತಿರ ಹೋಗಿ ನಿಜ ಹೇಳು. ನೀನು ಹೇಳದಿದ್ದರೆ ನಾನೇ ಬಂದು ಹೇಳುತ್ತೇನೆ. ಅವ್ವ ಎಂದು ನೋಡುವುದಿಲ್ಲ.

ನಿನ್ನ ಮಗಳು,
ಶರಾವತಿ

ಮತ್ತೆ: ಅಂಟಿಸಿದ ಲಕೋಟೆ ಒಡೆದು ಇದನ್ನು ಸೇರಿಸುತ್ತಿದ್ದೇನೆ. ಯುಗಾದಿಗೆ ಬಂದು ಪೆಟ್ಟಿಗೆಯ ವಿಚಾರ ಹೇಳಿದಾಗ ನೀನು, "ಹಂಗಾರೆ ನಮ್ಗೆಂತ ಕೆಲ್ಸ ಉಳೀತದೆ?" ಎಂದು ಕೇಳಿದ್ದೆ. ನಿನಗಿನ್ನು ಆರಾಮ ಎಂದು ನಾನು ನಗಾಡಿದೆ. ಅಷ್ಟರಲ್ಲಾಗಲೇ ಮುಕುಂದಯ್ಯನವರು, ಪೆಟ್ಟಿಗೆ ಗೆದ್ದರೆ ನೀರು ಹಾಕುವ ಹೆಂಗಸರಲ್ಲಿ ಎಷ್ಟು ಜನರನ್ನು ಬಿಡಿಸಬಹುದು ಎಂದು ನನ್ನನ್ನು ಕೇಳಿಯಾಗಿತ್ತು. ಮೂವರನ್ನೂ ಬಿಡಿಸಬಹುದು ಎಂದು ನಾನೇ ಹೇಳಿದ್ದೆ. ಕನ್ನಮ್ಮ, ಪುಷ್ಪಮ್ಮ, ನೀನು. ನಿನ್ನನ್ನು ಸಾಗರಕ್ಕೆ ಕರೆದುಕೊಂಡು ಬಂದರಾಯಿತು ಎಂದುಕೊಂಡಿದ್ದೆ, ನಿನ್ನನ್ನು ಒಂದು ಮಾತೂ ಕೇಳದೆ. ನೀನು ಒಬ್ಬಳೇ ಹೋಗಬೇಡ. ಶುಕ್ರವಾರ ಮೊದಲ ಬಸ್ಸಿಗೆ ಬರುತ್ತೇನೆ. ಮೊದಲು ಶೇಷಪ್ಪನ ಮನೆಗೆ ಹೋಗೋಣ. ಅಲ್ಲಿ ಮೊದಲು ಮಾತಾಡಬೇಕಾದವಳು ನಾನು.