ಸ್ವಪ್ನಾಲಿಯ ಹನ್ನೊಂದು ಗಂಟೆಯ ಗಂಜಿ

ರೀ,

ಎರಡು ವರ್ಷದಿಂದ ಬಿಟ್ಟಿದ್ದ ಪರೀಕ್ಷೆ ಬರಿಲಿಕ್ಕ ನಿಲಂಗಾಕ್ಕ ಹೊಂಟೀನಿ, ಸಂಜೀಗಿ ಬರ್ತೀನಿ.

ಹನ್ನೊಂದಕ್ಕ ಸ್ವಪ್ನಾಲಿಗಿ ಮೂಗಿನ ನಳಿಯಿಂದ ಗಂಜಿ ಹಾಕ್ರಿ. ಮೊದಲು ಆಕಿನ್ನ ದಿಂಬಿಗಿ ಆನಿಸಿ ಕೂಡಸ್ರಿ. ನಳಿ ಹೊಟ್ಟಿಯೊಳಗೇ ಅದನೋ ಇಲ್ಲೋ, ನರ್ಸ್ ಸಾರಿಕಾಬಾಯಿ ಕಲಿಸಿದಂಗ ನೋಡ್ರಿ. ಕೆಮ್ಮಿದ್ರ ಅಲ್ಲೇ ನಿಲ್ಲಿಸಿ ಅವರಿಗಿ ಫೋನ್ ಮಾಡ್ರಿ. ಗಂಜಿ ಆದಮ್ಯಾಲ ಅರ್ಧ ತಾಸು ಮಲಗಿಸಬ್ಯಾಡ್ರಿ.

"ನನ್ನ ಕೈ ನಡಗ್ತಾವ, ನೀನೇ ಹಾಕು" ಅಂತ ದಿನಾ ಹೊಲಕ್ಕ ಹೋಗ್ತಿದ್ರಿ. ಸಿಟ್ಟು ಬರ್ತಿತ್ತು ನನಗ, ಸುಳ್ಳ್ಯಾಕ ಹೇಳಲಿ. ನಿನ್ನೆ ನೀವೇ ಗಂಜಿ ಹಾಕೂದು ಬಾಗಿಲ ಮರಿಗಿ ನಿಂತು ನೋಡಿದೆ. ಕೈ ನಡಗತಿದ್ದವು, ಆದ್ರೂ ನೀವು ಎಲ್ಲಾ ಸಾವಕಾಶ, ಸರಿಯಾಗೇ ಮಾಡಿದ್ರಿ. ಪೋರಿ ನಿಮ್ಮ ಮೀಸಿ ಹಿಡಕೊಂಡು ನಗಲಿಕತ್ತಿದ್ಳು.

ಅದಕ್ಕೇ ಇವತ್ತು ತುರೋರಿಯಿಂದ ನಮ್ಮ ಅವ್ವಗ ಬಾ ಅಂತ ಹೇಳಿಲ್ಲ.

ವಿದ್ಯಾವತಿ